ಕುರಿಯ ಪೀನಿಯಲ್ ಗ್ರಂಥಿ

ಎಪ್ಪತ್ತರ ದಶಕದಲ್ಲಿ ಅರಸೀಕೆರೆಯ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು ಹಳದಿಗಟ್ಟಿದ ನೋಟ್ಸನ್ನು ಕಂಕುಳಲ್ಲಿ ಅವುಚಿಕೊಂಡೇ ಓಡಾಡುತ್ತಿದ್ದರು. ಯಾರು ಏನು ಕೇಳಿದರೂ "ನೋಟ್ಸಲ್ಲಿದೆಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಮಿದುಳಿನೊಳಗಿನ ಪೀನಿಯಲ್ ಗ್ರಂಥಿಯಲ್ಲಿ ಇರುವುದು ಒಂದೇ ಬಗೆಯ ಜೀವಕೋಶ ಎಂದಿತ್ತು ಆ ನೋಟ್ಸು. ಬಾಣಾವರದಿಂದ ರೈಲಿನಲ್ಲಿ ಬರುತ್ತಿದ್ದ ನನ್ನ ಗೆಳತಿ ಕುರಿಯ ಗ್ರಂಥಿಯ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೆಕಾರ್ಡ್ ಪುಸ್ತಕದಲ್ಲಿ ಎರಡು ಬಗೆಯ ಕೋಶಗಳ ಚಿತ್ರ ಬರೆದಳು: ಹಾರ್ಮೋನು ಸ್ರವಿಸುವ ದೊಡ್ಡ ತಿಳಿ ಕೋಶಗಳು, ಅವಕ್ಕೆ ಆಸರೆಯಾದ ಸಣ್ಣ ಕಡುಬಣ್ಣದ ಕೋಶಗಳು.

"ನೀವೇ ಒಂದ್ಸಲ ನೋಡಿ ಸಾರ್," ಎಂದಳು.

"ನೋಟ್ಸಲ್ಲಿದೆಯಾ?" ಎನ್ನುತ್ತಾ ಮೇಷ್ಟ್ರು ಚಿತ್ರದ ಮೇಲೆ ಕೆಂಪು ಗೀಟು ಎಳೆದರು. ಅವಳು ಚಿತ್ರ ಬದಲಿಸಲಿಲ್ಲ.

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಅವಳ ರೆಕಾರ್ಡ್ ತೆರೆದು, ಸ್ಲೈಡನ್ನೂ ನೋಡಿ, ಅದನ್ನು ಮೈಕ್ರೋಸ್ಕೋಪಿನಿಂದ ಹೊರತೆಗೆದರು.

"ಹುಡುಗಿ ಸರಿಯಾಗೇ ಬರೆದಿದಾಳಲ್ರೀ. ಈ ಗೀಟು ಯಾಕೆ?"

ಮೇಷ್ಟ್ರು ಗಡಿಬಿಡಿಯಲ್ಲಿ ಮೈಕ್ರೋಸ್ಕೋಪಿಗೆ ಬಗ್ಗಿದರು. "ಹೌದು ಸಾರ್, ಎರಡೂ ಬಗೆ ಎಷ್ಟು ಸ್ಪಷ್ಟವಾಗಿ ಕಾಣ್ತಾ ಇವೆ! ನಾನೇ ಹೇಳಿಕೊಟ್ಟಿದ್ದು."

ಪರೀಕ್ಷಕರು ಗೆಳತಿಗೆ ಪೂರ್ತಿ ಅಂಕ ಹಾಕಿದರು. ಆಮೇಲೆ ತಮ್ಮ ಕೈಯಲ್ಲೇ ಇದ್ದ ಸ್ಲೈಡನ್ನು ಚಾಚಿ, "ಇದನ್ನ ಲೆನ್ಸ್ ಕೆಳಗಿಟ್ಟು ನೋಡಿ ಮೇಷ್ಟ್ರೇ, ಇನ್ನೂ ಚೆನ್ನಾಗಿ ಕಾಣುತ್ತೆ," ಎಂದರು.