ಅಕ್ಕ ಕುಡಿದ ಔಷಧಿ

ಅಕ್ಕನನ್ನು ಸೊರಬದ ಕಡೆ ಕುಪ್ಪಗಡ್ಡೆಗೆ ಮದುವೆ ಮಾಡಿ ಕೊಟ್ಟಿದ್ದೆವು. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ತವರಿಗೆ ಬಂದವಳಿಗೆ ಕೆಮ್ಮು ಹಿಡಿಯಿತು. ಶಿಕಾರಿಪುರದ ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಒಂದು ಸಿರಪ್ ಕೊಂಡು ಗಂಡನ ಮನೆಗೆ ಹೊರಟಳು. ಆ ಸಂಜೆ ಅಲ್ಲಿ ಎರಡು ಚಮಚ ಕುಡಿದು ಮಲಗಿದವಳು ಮತ್ತೆ ಏಳಲಿಲ್ಲ. ಬಾಟಲಿಯಲ್ಲಿ ವಿಷ ಬೆರೆತಿತ್ತು.

ಪೊಲೀಸರು ಅಂಗಡಿಯವರನ್ನು ಹಿಡಿದೊಯ್ದರು, ಸಾಕ್ಷಿ ಸಿಗದೆ ಬಿಟ್ಟರು. ಬೀದಿಯ ಜನ ಮಾತ್ರ ಬಿಡಲಿಲ್ಲ. ಅಪ್ಪನಂತೂ ಅಂಗಡಿಯ ಎದುರು ನಿಂತು ಹಿಡಿ ಮಣ್ಣು ತೂರಿ ಶಾಪ ಹಾಕಿದ. ಕೊನೆಗೆ ಅವರು ಅಂಗಡಿ ಮುಚ್ಚಿ, ಹೆಂಡತಿ ಮತ್ತು ಕೈಗೂಸಾಗಿದ್ದ ಮಗಳನ್ನು ಕರೆದುಕೊಂಡು ತೊಗರ್ಸಿಯ ಜಮೀನಿಗೆ ಹೋದರು. ಅಪ್ಪ ಸಾಯುವವರೆಗೂ ನಮ್ಮ ಮನೆಯಲ್ಲಿ ಅವರ ಸುದ್ದಿ ಎತ್ತುವಂತಿರಲಿಲ್ಲ.

ಆ ಮಗಳು ಈಗ ವಕೀಲೆ. ಹೋದ ವರ್ಷ ಕೋರ್ಟಿಗೆ ಅರ್ಜಿ ಹಾಕಿ ಕೇಸನ್ನು ಮತ್ತೆ ತೆರೆಸಿದಳು. ಅಕ್ಕ ಸತ್ತಾಗ ಸೊರಬದ ಒಂದು ಅಂಗಡಿಯಿಂದಲೂ ಅದೇ ಸಿರಪ್ಪಿನ ಒಂದು ಬಾಟಲಿಯನ್ನು ಪೊಲೀಸರು ತಂದಿಟ್ಟಿದ್ದರಂತೆ. ಅದನ್ನು ಯಾರೂ ತೆರೆದೇ ನೋಡಿರಲಿಲ್ಲ. ಈ ಸಲ ಪರೀಕ್ಷೆಗೆ ಕಳಿಸಿದರೆ ಅದರಲ್ಲೂ ಅದೇ ವಿಷ, ಮುಚ್ಚಳದಲ್ಲಿ ಸೂಜಿ ಚುಚ್ಚಿದ ಗುರುತು. ಸರಕು ಅಂಗಡಿ ಸೇರುವ ಮೊದಲೇ ಯಾರೋ ಕೈಯಾಡಿಸಿದ್ದರು. ಯಾರು, ಯಾಕೆ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ ಎಂದು ತನಿಖೆಯ ಅಧಿಕಾರಿ ಮನೆಗೇ ಬಂದು ಹೇಳಿಹೋದರು.

ಅಮ್ಮ ಎಲ್ಲ ಕೇಳಿಸಿಕೊಂಡು, ತೊಗರ್ಸಿಗೆ ಹೋಗಿ ಬರೋಣ ಎಂದಳು. ಅಂಗಡಿಯವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಗುರುತು ಹಿಡಿದು ಒಳಗೆ ಕರೆದರು. ಅಮ್ಮ ಮೆಟ್ಟಿಲ ಮೇಲೇ ನಿಂತಳು.

"ನಿಮ್ಮನೆಯವ್ರದ್ದು ಏನೂ ತಪ್ಪಿರ್ಲಿಲ್ಲ ರೀ. ನಾವು ಅನ್ಯಾಯ ಮಾಡಿದ್ವಿ."

ಆಕೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. "ಪೊಲೀಸರು ಹೊಡ್ದಿದ್ದು ಅವ್ರು ಮರ್ತಿದ್ರು. ಆ ಹುಡುಗಿಗೆ ನಾನೇ ಕೈಯಾರೆ ಕೊಟ್ನಲ್ಲ ಅಂತ ಕೊರಗ್ತಿದ್ರು. ನಿಮ್ಮನೆಗೆ ಬಂದು ಒಂದ್ಸಲ ಅತ್ತು ಹೋಗ್ಬೇಕು ಅಂತಿದ್ರು. ನಾನೇ ಬ್ಯಾಡ ಅಂದೆ, ಹೊಡೀತಾರೆ ಅಂತ."

ಆಕೆಯೇ ಎದ್ದು ಬಂದು ಅಮ್ಮನ ಕೈಹಿಡಿದು ಕೂರಿಸಿದರು, ಊಟ ಮಾಡಿಸದೆ ಕಳಿಸಲಿಲ್ಲ.

ವಾಪಸು ಬರುವಾಗ ಬಸ್ಸು ಶಿರಾಳಕೊಪ್ಪ ದಾಟಿದ ಮೇಲೆ ಅಮ್ಮ ಹೇಳಿದಳು: "ಅವ್ರು ಬಂದಿದ್ರೆ ನಿಮ್ಮಪ್ಪ ಹೊಡೀತಿದ್ರೇನೋ. ನಾನಾದ್ರೂ ಒಳಗೆ ಕರೀತಿದ್ದೆ ಅಂತ ಹೇಳೋಕೆ ಬಾಯಿ ಬರ್ತಿಲ್ಲ."