ಟೇಲರಕ್ಕ ಬೇಕೆಂದೇ ಮಾಡಿದ ಸಾಲ

ಬೀದಿಯವರೆಲ್ಲ ಅವಳನ್ನು ಟೇಲರಕ್ಕ ಎಂದೇ ಕರೆಯುತ್ತಿದ್ದರು. ನಾಲ್ಕು ಮಿಷನ್ನಿನ ಅಂಗಡಿ ಮುಳುಗಿ, ಕೋರ್ಟು ಅವಳನ್ನು ದಿವಾಳಿ ಎಂದು ಘೋಷಿಸಿ ಎರಡು ವರ್ಷವಾಗಿತ್ತು. ಎಲ್ಲ ಜಪ್ತಿಯಾದರೂ ಆ ಹೆಸರೊಂದು ಆಗಿರಲಿಲ್ಲ. ಈಗ ಮೂರನೇ ಮಹಡಿಯ ಮನೆಯಲ್ಲಿ, ಮಗಳ ಮಂಚಕ್ಕೂ ಅಡುಗೆಮನೆ ಬಾಗಿಲಿಗೂ ನಡುವೆ ಒಂದೇ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದಳು. ಮೆಟ್ಟಿಲು ಹತ್ತಲಾರದ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಕೆಳಗೆ, ಬೀದಿಗೇ ಬಾಗಿಲಿದ್ದ ಕೋಣೆಯೊಂದು ಖಾಲಿಯಾಯಿತು. ಅದರ ಮಾಲೀಕರಾದ ನಿವೃತ್ತ ಮೇಷ್ಟ್ರು ಸುತ್ತಿಬಳಸಲಿಲ್ಲ.

"ನಿನ್ನ ಕೈಕೆಲಸ ಗೊತ್ತಮ್ಮ. ಹಿಂದಿನ ಕಥೇನೂ ಗೊತ್ತು. ಈಗ ಸರಿಯಾಗಿ ಸಾಲ ತೀರಿಸ್ತಿದ್ದೀಯ ಅಂತ ಬ್ಯಾಂಕಿಂದ ಒಂದು ಕಾಗದ ತಾ. ಕೋಣೆ ನಿಂದೇ."

ಟೇಲರಕ್ಕನಿಗೆ ಹೋದ ಜೀವ ಬಂದಂತಾಯಿತು. ಹನ್ನೊಂದು ತಿಂಗಳ ಹಿಂದೆ ಬ್ಯಾಂಕಿನವರು ಅವಳಿಂದಲೇ ಠೇವಣಿ ಇಡಿಸಿಕೊಂಡು, "ಕಳೆದುಹೋದ ನಂಬಿಕೆ ಇದರಿಂದ ವಾಪಸ್ ಬರುತ್ತೆ" ಎಂದು ಒಂದು ಕ್ರೆಡಿಟ್ ಕಾರ್ಡು ಕೊಟ್ಟಿದ್ದರು. ಅಂದೇ ಅವಳು ಅದನ್ನು ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ಬೀರುವಿನ ತಳಕ್ಕೆ ತಳ್ಳಿದ್ದಳು. ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಇವಳು ಮಜ್ಜಿಗೆ ಲೋಟಕ್ಕೇ ಬೀಗ ಹಾಕಿದ್ದಳು.

ಬ್ಯಾಂಕಿನ ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದಳು. "ಅಕ್ಕಾ, ಇದರಲ್ಲಿ ಏನೂ ಇಲ್ವಲ್ಲ?"

"ಹೇಗಿರುತ್ತಮ್ಮ? ಒಂದು ದಿನಾನೂ ಮುಟ್ಟಿಲ್ಲ!" ಟೇಲರಕ್ಕನ ದನಿಯಲ್ಲಿ ಹೆಮ್ಮೆಯಿತ್ತು.

"ಅದೇ ಎಡವಟ್ಟು. ಸ್ವಲ್ಪ ಖರ್ಚು ಮಾಡಿ, ಬಿಲ್ ಬಂದ್ಮೇಲೆ ಗಡುವಿನೊಳಗೆ ಕಟ್ಟಿದ್ರೆ ತಾನೇ ದಾಖಲೆ ಆಗೋದು?"

ಹನ್ನೊಂದು ತಿಂಗಳು ನೀರಲ್ಲಿ ಹೋಮ. ಮೇಷ್ಟ್ರ ಮುಂದೆ ಅದನ್ನೆಲ್ಲ ಒಪ್ಪಿಸಿದಳು. ಅವರಿಗೋ ನಗು ತಡೆಯಲಾಗಲಿಲ್ಲ. "ಪರೀಕ್ಷೆಗೇ ಕೂರದೆ, ಫೇಲಾಗಿಲ್ಲ ಅಂತ ಬಂದಿದ್ದೀಯಲ್ಲ! ಆಗಲಿ, ಮೂರು ತಿಂಗಳು ಕೋಣೇಲಿ ನನ್ನ ಪುಸ್ತಕಗಳಿರಲಿ. ಮೂರು ಬಿಲ್ಲಿನ ರಸೀದಿ ತಾ. ಒಂದು ತಪ್ಪಿದ್ರೂ ಬೇರೆಯವರಿಗೆ ಕೊಟ್ಬಿಡ್ತೀನಿ, ಬೇಜಾರು ಮಾಡ್ಕೋಬೇಡ."

ದಾರದಂಗಡಿಯಲ್ಲಿ ನಾಲ್ಕು ರೀಲು ಆರಿಸಿ ಕಾರ್ಡು ಕೊಟ್ಟಳು. ಯಂತ್ರ ಕೀಂ ಎಂದಿತು. ಅಲ್ಲಿಂದ ಸೀದಾ ಬ್ಯಾಂಕಿಗೇ ಓಡಿದಳು.

"ತಗೊಳ್ಳಮ್ಮ, ತೀರಿಸಿಬಿಡ್ತೀನಿ."

"ಬಿಲ್ಲೇ ಹುಟ್ಟಿಲ್ಲ ಅಕ್ಕಾ, ಆಗಲೇ ನಾಮಕರಣಕ್ಕೆ ಬಂದ್ರಾ? ಈಗ ಕಟ್ಟಿದ್ರೆ ಬಿಲ್ಲಲ್ಲಿ ಮತ್ತೆ ಸೊನ್ನೆ ಬರುತ್ತೆ. ಇನ್ನು ಹತ್ತೊಂಬತ್ತು ದಿನ ಇದೆ."

ಆ ಹತ್ತೊಂಬತ್ತು ದಿನ ಅವಳ ಪಾಲಿಗೆ ಮುಳ್ಳಿನ ಮೇಲಿನ ಬಟ್ಟೆ. ದಾರದ ದುಡ್ಡನ್ನು ಲಕೋಟೆಯಲ್ಲಿಟ್ಟು ದಿನಕ್ಕೆರಡು ಸಲ ಮುಟ್ಟಿ ನೋಡುತ್ತಿದ್ದಳು. ಫೋನು ಹೊಡೆದುಕೊಂಡರೆ ವಸೂಲಿಯವರೇ ಎಂದು ಎದೆ ಧಸಕ್ಕೆನ್ನುತ್ತಿತ್ತು. ಒಂದು ಷರ್ಟಿಗೆ ಕಾಲರನ್ನೇ ತಿರುಗುಮುರುಗು ಹಚ್ಚಿದಳು.

"ನಾಲ್ಕು ರೀಲು ದಾರಕ್ಕೆ ಯಾರೂ ಬಾಗಿಲು ಬಡಿಯಲ್ಲ ಕಣೇ," ಎಂದ ಬಸ್ ಓಡಿಸಿ ದಣಿದು ಬಂದಿದ್ದ ಗಂಡ.

"ನಾಲ್ಕನೇ ಮಿಷನ್ ತರುವಾಗಲೂ ಹೀಗೇ ಅಂದಿದ್ರಿ."

ಮೂಲೆಯಲ್ಲಿ ಚಿತ್ರ ಬರೆಯುತ್ತಿದ್ದ ಮಗಳು ತಲೆಯೆತ್ತಿದಳು. "ಅಮ್ಮಾ, ಮತ್ತೆ ಮನೆ ಬಿಡಬೇಕಾ?"

ಟೇಲರಕ್ಕ ಮಿಷನ್ ನಿಲ್ಲಿಸಿ ಅವಳನ್ನು ಮಡಿಲಿಗೆಳೆದುಕೊಂಡಳು. "ಇಲ್ಲ ಮರೀ. ದಾರ ತಂದಿದ್ದೀನಿ, ಅಷ್ಟೇ." ಹೇಳಿದ ಮೇಲೆ ಅದು ತನಗೂ ಒಂದಿಷ್ಟು ನಿಜವೆನಿಸಿತು.

ಬಿಲ್ಲು ಬಂದ ದಿನ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತಿದ್ದಳು. ಮೇಷ್ಟ್ರು ರಸೀದಿಯನ್ನು ಕನ್ನಡಕದ ಹತ್ತಿರ ಹಿಡಿದು ಓದಿ, "ಒಂದಾಯ್ತು. ಇನ್ನೆರಡು," ಎಂದರು.

ಅವಳು ಮತ್ತೆ ದಾರದಂಗಡಿಗೆ ನಡೆದಳು.

"ಇಷ್ಟು ಬೇಗ ದಾರ ಮುಗೀತಾ ಅಕ್ಕಾ?"

"ದಾರ ಇದೆಯಪ್ಪ. ಸಾಲ ಮುಗೀತು," ಎಂದು ಕಾರ್ಡು ಮುಂದೆ ಹಿಡಿದಳು.