ಕತ್ತರಿಸುವ ಮುಂಚಿನ ಕೌಬಾಯ್ ಚಿತ್ರ

ನನ್ನ ಇಪ್ಪತ್ತರ ಹರೆಯದಲ್ಲಿ ಒಂದು ಕನ್ನಡ ಕೌಬಾಯ್ ಚಿತ್ರಕ್ಕೆ ನಾನು ಎರಡನೇ ನಾಯಕಿ. ಬಳ್ಳಾರಿ ಕಡೆಯ ಬಂಡೆಗಳ ನಡುವೆ ನಿರ್ದೇಶಕರು ಹಲಗೆಗಳಲ್ಲೇ ಇಡೀ ಪಟ್ಟಣ ಕಟ್ಟಿಸಿದ್ದರು. ಗಾಳಿ ಬೀಸಿದರೆ ಸೆಟ್ಟಿನ ಗೋಡೆ ಬೀಳುತ್ತಿತ್ತು. ಗಾಳಿ ನಿಂತರೆ "ಧೂಳೇ ಏಳ್ತಿಲ್ಲ" ಎಂದು ಅವರು ಶೂಟಿಂಗ್ ನಿಲ್ಲಿಸುತ್ತಿದ್ದರು. ಕುದುರೆಗಳು ಮದುವೆ ಮೆರವಣಿಗೆಯವು. ವಾಲಗಕ್ಕೆ ಹೆದರದವು ಬಂದೂಕಿನ ಸದ್ದಿಗೆ ಕಂಗಾಲಾಗುತ್ತಿದ್ದವು. ಅಂಥದ್ದೊಂದು ನನ್ನನ್ನು ಹೊತ್ತು ಓಡಿ ಕೆಡವಿತು. ಭುಜ ಮುರಿಯಿತು. ಪಟ್ಟಿ ಕಟ್ಟಿಸಿಕೊಂಡು ಬಂದಾಗ ನಿರ್ದೇಶಕರು, "ನೀನು ಬಿದ್ದದ್ದು ಕ್ಯಾಮೆರಾದಲ್ಲಿ ಸಿಕ್ಕಿದೆಯಮ್ಮ, ಬಹಳ ಚೆನ್ನಾಗಿದೆ" ಎಂದರು.

ಶೂಟಿಂಗ್ ಮುಗಿಯುವ ಹೊತ್ತಿಗೆ ನಿರ್ಮಾಪಕರ ತಾಳ್ಮೆ ಕೆಟ್ಟಿತ್ತು. ನಿರ್ದೇಶಕರನ್ನು ಕೇಳದೆಯೇ ಅರ್ಧ ಚಿತ್ರ ಕತ್ತರಿಸಿಬಿಟ್ಟರು. ಯಾರು ಯಾರನ್ನು ಯಾಕೆ ಕೊಲ್ಲುತ್ತಾರೆ ಎಂಬುದೇ ತಿಳಿಯದ ಹಾಗಾಯಿತು. ಬಾಗಿಲಲ್ಲಿ ನಿಂತು ತಿರುಗಿ ನೋಡುವ ಒಂದು ದೃಶ್ಯ ಬಿಟ್ಟರೆ ನಾನೆಲ್ಲೂ ಇರಲಿಲ್ಲ. ಥಿಯೇಟರಿನಲ್ಲಿ ಜನ ನಕ್ಕರು. ನಿರ್ದೇಶಕರು ಮತ್ತೆ ಚಿತ್ರ ಮಾಡಲಿಲ್ಲ. ನನ್ನನ್ನೂ ಯಾರೂ ಕರೆಯಲಿಲ್ಲ. ಮದುವೆಯಾಗಿ, ಕ್ಲಾಂಗ್ ಬಂದರಿನಲ್ಲಿ ಕೆಲಸಕ್ಕಿದ್ದ ಗಂಡನ ಜೊತೆ ಮಲೇಷ್ಯಾಕ್ಕೆ ಬಂದೆ.

ಹೋದ ವರ್ಷ, ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಮಗಳು ಸುದ್ದಿ ತಂದಳು. ಕತ್ತರಿಸುವ ಮುಂಚಿನ ಇಡೀ ಪ್ರತಿ ಸಿಕ್ಕಿದೆಯಂತೆ, ದೊಡ್ಡ ಕೃತಿ ಅಂತ ಈಗ ಹೊಗಳುತ್ತಿದ್ದಾರಂತೆ. ಅಲ್ಲಿ ಓದುವ ಕರ್ನಾಟಕದ ಹುಡುಗರು ಕ್ಯಾಂಪಸ್ಸಿನಲ್ಲಿ ತೋರಿಸುತ್ತಾರಂತೆ, ಪೋಸ್ಟರಿನಲ್ಲಿ ನನ್ನ ಹೆಸರೂ ಇದೆಯಂತೆ.

"ಅಮ್ಮಾ, ಯು ನೆವರ್ ಟೋಲ್ಡ್ ಮಿ."

"ಹೇಳೋಕೆ ಏನಿತ್ತು?"

ಆ ವಾರ ಒಂದು ಕಡೆ ಕೂರಲಾಗಲಿಲ್ಲ. ಒಲೆ ಮೇಲೆ ಸಾರಿಟ್ಟು ಬಾಲ್ಕನಿಯಲ್ಲಿ ನಿಂತುಬಿಡುತ್ತಿದ್ದೆ. ತಮಿಳು ಮುಸಲ್ಮಾನರ ಮಾಮಕ್ ಅಂಗಡಿಯಿಂದ ರೊಟ್ಟಿ ತರಲು ಕೆಳಗಿಳಿದವಳು ಬರಿಗೈಯಲ್ಲಿ ಮೇಲೆ ಬಂದೆ.

ಭಾನುವಾರ ಮಧ್ಯಾಹ್ನ, ಕ್ಯಾಂಪಸ್ಸಿನ ಸಭಾಂಗಣದಲ್ಲಿ ಬೇಕೆಂದೇ ಬಾಗಿಲ ಪಕ್ಕದ ಕುರ್ಚಿ ಹಿಡಿದೆ. ನಡುವೆ ಎದ್ದು ನಿಂತಾಗ ಮಗಳು ಕೈ ಹಿಡಿದೆಳೆದಳು. ಆಗ ಆ ದೃಶ್ಯ ಬಂತು. ಹುಡುಗಿ ಕುದುರೆಯಿಂದ ಬೀಳುತ್ತಾಳೆ. ಧೂಳಿನಲ್ಲಿ ಬಹಳ ಹೊತ್ತು ಬಿದ್ದಿರುತ್ತಾಳೆ. ಯಾರೂ ಬರುವುದಿಲ್ಲ. ಆಮೇಲೆ ಭುಜ ಹಿಡಿದುಕೊಂಡು ತಾನೇ ಎದ್ದು ಬಂಡೆಗಳ ಕಡೆ ನಡೆಯುತ್ತಾಳೆ. 

"ಇಷ್ಟು ಸಹಜವಾಗಿ ಹೇಗೆ ಅಭಿನಯಿಸಿದ್ರಿ ಮೇಡಂ?" ಎಂದು ಆಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದಳು.

"ಅಭಿನಯ ಅಲ್ಲಮ್ಮ. ನಿಜವಾಗಿ ಬಿದ್ದಿದ್ದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಸಂತೋಷಕ್ಕಿಂತ ಸಿಟ್ಟೇ ಬಂತು. ಯಾರ ಮೇಲೆಂದು ಹೇಳಲಾರೆ.

ಹುಡುಗರ ಹತ್ತಿರ ನಂಬರು ಪಡೆದು, ಮನೆಗೆ ಹೊರಟ ಕಾರಿನಿಂದಲೇ ಮೈಸೂರಿನಲ್ಲಿದ್ದ ನಿರ್ದೇಶಕರಿಗೆ ಫೋನ್ ಮಾಡಿದೆ. ದನಿ ಮುದಿಯಾಗಿತ್ತು.

"ನಾನೂ ನೋಡಿದೆ. ನಡುವೆ ಸ್ವಲ್ಪ ಉದ್ದ ಆಯ್ತು ಅನ್ನಿಸ್ತಮ್ಮ," ಎಂದರು.

"ನಾನು ಬಿದ್ದಾಗ ಯಾರೂ ಯಾಕೆ ಬರಲಿಲ್ಲ ಸಾರ್?"

ಅವರು ಹೇಳಿದರು: "ಓಡಿ ಬರ್ತಿದ್ದೋರನ್ನ ನಾನೇ ತಡೆದೆ. ಕ್ಯಾಮೆರಾ ಓಡ್ತಿತ್ತು. ತಪ್ಪು ಮಾಡಿದೆ. ಆದ್ರೆ ಆ ದೃಶ್ಯ ಬೇಡ ಅನ್ನೋಕೆ ಇವತ್ತಿಗೂ ಮನಸ್ಸು ಬರಲ್ಲ."

ನನಗೂ ಬರಲಿಲ್ಲ. ಅದನ್ನು ಅವರಿಗೆ ಹೇಳದೆ ಫೋನ್ ಇಟ್ಟೆ.

ದಾರಿಯಲ್ಲಿ ಪುಚೊಂಗ್ ಎಂಬಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. "ಮತ್ತೆ ಆ್ಯಕ್ಟ್ ಮಾಡಬೇಕು ಅನ್ನಿಸ್ತಿರಲಿಲ್ವಾ?" ಎಂದಳು ಮಗಳು.

"ಅನ್ನಿಸ್ತಿತ್ತು," ಎಂದೆ. "ಬಹಳ ವರ್ಷ."